ಕಾಮಿಡಿಯನ್ ಯಾರ್ರೀ?

ಧಾರವಾಡದ ಸಪ್ತಾಪುರದಲ್ಲಿ ಗೆಳತಿಯ ಮನೆ ಮಹಡಿ ಮೇಲೆ ತಿಂಗಳಿಗೊಂದು ಶನಿವಾರ ನಾವು ಹದಿನೈದು ಇಪ್ಪತ್ತು ಜನ ಸೇರಿ ಸಿನಿಮಾ ನೋಡುತ್ತೇವೆ. ಗೋಡೆಗೆ ಒಂದು ಬಿಳಿ ಚಾದರ, ಒಂದು ಹಳೆ ಪ್ರೊಜೆಕ್ಟರ್, ಮಧ್ಯಂತರದಲ್ಲಿ ಗಿರ್ಮಿಟ್ಟು, ಚಹಾ. ಸಿನಿಮಾ ಆರಿಸೋದು ನಾನು. ಜಾಸ್ತಿ ಹಾಕೋದು ಡಾರ್ಕ್ ಕಾಮಿಡಿ. ಸಾವು, ಸಾಲ, ಸುಳ್ಳು, ಆಸ್ತಿ ಜಗಳ, ಇಂಥದ್ದರ ನಡುವೆಯೇ ನಗು ಬರಿಸುವ ಸಿನಿಮಾಗಳು.

ಮುಗಿದು ಲೈಟ್ ಹಾಕಿದ ಕೂಡಲೇ ಒಬ್ಬರಾದರೂ ಕೇಳೇ ಕೇಳುತ್ತಾರೆ. "ಅಲ್ರೀ ಮೇಡಂ, ಕಾಮಿಡಿ ಅಂತೀರಿ. ಇದರಾಗ ಕಾಮಿಡಿಯನ್ ಯಾರ್ರೀ?"

ನನ್ನ ನಾದಿನಿ ಕೇಳಿದ್ದಾಳೆ. ನಮ್ಮ ಓಣಿಯ ಟೇಲರ್ ಕೇಳಿದ್ದಾರೆ. ಹೋದ ತಿಂಗಳು ಹಿರಿಯರೊಬ್ಬರು ಚಪ್ಪಲಿ ಹಾಕಿಕೊಳ್ಳುತ್ತಾ ನಿಂತು, "ಈಗ ಬರತಾನ, ಆಗ ಬರತಾನ ಅಂತ ಕಾದೆ. ಕಡೀತನಕಾ ಬರಲೇ ಇಲ್ಲಲ್ರೀ" ಅಂದರು. ಟಿಕೆಟ್ ತಗೊಂಡು ಮೋಸ ಹೋದವರ ಹಾಗೆ ಮುಖ ಮಾಡಿದ್ದರು. ನಾವು ಟಿಕೆಟ್ ಇಟ್ಟೇ ಇಲ್ಲ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಓದಿ ಅನ್ನುತ್ತೇನೆ.

ಕಾಮಿಡಿಯನ್ ಯಾರೂ ಇಲ್ಲ. ಇರಲೂಬಾರದು.

ಈ ಪ್ರಶ್ನೆ ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು. ನಮ್ಮ ಕಡೆ ಕಂಪನಿ ನಾಟಕ ನೋಡಿ ಬೆಳೆದವರು ನಾವು. ಅಲ್ಲಿ ಹಾಸ್ಯ ಪಾತ್ರಕ್ಕೆ ಬೇರೆಯೇ ಜಾಗ ಇತ್ತು. ಹೀರೋನ ತಾಯಿ ಸತ್ತು ಎಲ್ಲರೂ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಪರದೆ ಬೀಳುತ್ತಿತ್ತು. ಹಿಂದೆ ಸೀನು ಬದಲಾಯಿಸುವ ಸದ್ದು. ಪರದೆ ಮುಂದೆ ಹಾಸ್ಯದ ಜೋಡಿ ಬಂದು ಹತ್ತು ನಿಮಿಷ ನಗಿಸಿ ಹೋಗುತ್ತಿತ್ತು. ಆಮೇಲೆ ಮತ್ತೆ ಅಳು. ಸಿನಿಮಾದಲ್ಲೂ ಅದೇ ಏರ್ಪಾಡು ಮುಂದುವರಿಯಿತು. ಹೀರೋ ಕಥೆ ಒಂದು ಕಡೆ, ಕಾಮಿಡಿ ಟ್ರ್ಯಾಕ್ ಒಂದು ಕಡೆ. ನನಗೆ ಆ ನಾಟಕಗಳ ಮೇಲೆ ಪ್ರೀತಿ ಇದೆ. ಆದರೆ ಅಲ್ಲಿ ನಗುವುದಕ್ಕೂ ಅಳುವುದಕ್ಕೂ ಬೇರೆ ಬೇರೆ ಹೊತ್ತು. ಡಾರ್ಕ್ ಕಾಮಿಡಿ ಬರೆಯುವವರು ಆ ಪರದೆಯನ್ನೇ ತೆಗೆದುಬಿಡುತ್ತಾರೆ. ಹೆಣ ಇರುವ ಕೋಣೆಯಲ್ಲೇ ನಗು ಬರಬೇಕು. ಅದೂ ನಗಿಸಬೇಕು ಅಂತ ಅಲ್ಲಿ ಯಾರೂ ಬಂದಿರಬಾರದು.

ನಮ್ಮದೇ ಭಾಷೆಯ 'ತಿಥಿ' ಸಿನಿಮಾ ನೋಡಿ. ರಾಮ್ ರೆಡ್ಡಿ ನಿರ್ದೇಶಕರು, ಈರೇಗೌಡರು ಅವರ ಜೊತೆ ಕೂತು ಬರೆದವರು. ಮಂಡ್ಯ ಕಡೆಯ ಹಳ್ಳಿಯ ಜನರೇ ಪಾತ್ರ ಮಾಡಿದ್ದಾರೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿ ಬಂತು. ದಾರಿಯಲ್ಲಿ ಹೋಗುವವರನ್ನೆಲ್ಲ ಬೈಯುತ್ತಾ ಕೂತಿದ್ದ 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನ ತಿಥಿ. ಇಷ್ಟೇ ಕಥೆಯ ಚೌಕಟ್ಟು. ಈ ಹನ್ನೊಂದು ದಿನದೊಳಗೆ ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಹೊಲ ಮಾರಬೇಕು. ಹೊಲ ನ್ಯಾಯವಾಗಿ ಬರಬೇಕಾದದ್ದು ತಮ್ಮಣ್ಣನ ಅಪ್ಪ ಗಡ್ಡಪ್ಪನಿಗೆ. ಗಡ್ಡಪ್ಪನಿಗೆ ಹೊಲವೂ ಬೇಡ, ದುಡ್ಡೂ ಬೇಡ, ಸಹಿ ಹಾಕೋ ಉಸಾಬರಿಯೂ ಬೇಡ. ಬೀಡಿ, ಬ್ರಾಂಡಿ, ತಿರುಗಾಟ ಸಾಕು. ಹಾಗಾಗಿ ಮಗ, ಬದುಕಿರುವ ಅಪ್ಪ ಸತ್ತಿದ್ದಾನೆ ಅಂತ ಕಾಗದ ಮಾಡಿಸಲು ಹೊರಡುತ್ತಾನೆ. ತಮ್ಮಣ್ಣನ ಮಗ ಅಭಿಗೆ ಇದ್ಯಾವುದೂ ತಲೆಗೆ ಹೋಗಲ್ಲ. ಅವನು ಕುರಿ ಕಾಯುವ ಹುಡುಗಿಯ ಹಿಂದೆ.

ಈಗ ಹೇಳಿ, ಇವರಲ್ಲಿ ತಮಾಷೆ ಮಾಡುತ್ತಿರುವವರು ಯಾರು? ತಮ್ಮಣ್ಣನ ಮುಖ ನೋಡಿ. ಅವನಷ್ಟು ಕಷ್ಟದಲ್ಲಿರುವವನು ಆ ಊರಲ್ಲೇ ಇಲ್ಲ. ಸಾಲ ತಂದಿದ್ದಾನೆ, ಲಂಚ ಕೊಟ್ಟಿದ್ದಾನೆ, ಅಪ್ಪನನ್ನು ಊರಿಂದ ಆಚೆ ಕಳಿಸಬೇಕು, ಊರಿಗೆಲ್ಲ ಊಟ ಹಾಕಬೇಕು. ಅವನಿಗೆ ಒಂದು ಕ್ಷಣವೂ ನಗು ಬರಲ್ಲ. ನಮಗೆ ಯಾಕೆ ಬರುತ್ತೆ ಅಂದರೆ ನಮಗೆ ಎಲ್ಲರ ಕೆಲಸವೂ ಗೊತ್ತು. ಅಪ್ಪ ಎಲ್ಲಿ ಅಲೆಯುತ್ತಿದ್ದಾನೆ, ಮಗ ಏನು ಹಾಳು ಮಾಡುತ್ತಿದ್ದಾನೆ, ಎಲ್ಲ ನೋಡುತ್ತಿರುತ್ತೇವೆ. ಅವರಿಗೆ ಅವರವರ ಕೆಲಸ ಮಾತ್ರ ಗೊತ್ತು. ನಗು ಹುಟ್ಟೋದು ಇಲ್ಲೇ. ಕಥೆ ಕಟ್ಟುವ ಕಷ್ಟವೂ ಇಲ್ಲೇ. ಒಬ್ಬೊಬ್ಬರಿಗೂ ಒಂದೊಂದು ಅರ್ಜೆಂಟ್ ಕೆಲಸ ಕೊಡಬೇಕು. ಎಲ್ಲವನ್ನೂ ಒಂದೇ ದಿನಕ್ಕೆ, ಒಂದೇ ಅಂಗಳಕ್ಕೆ ತಂದು ನಿಲ್ಲಿಸಬೇಕು. ಮೊದಲ ಸುಳ್ಳನ್ನು ಮುಚ್ಚಲು ಎರಡನೇ ಸುಳ್ಳು, ಅದಕ್ಕೊಂದು ಸಾಲ. ಸುಳ್ಳು ಕಾಕತಾಳೀಯವಾಗಿ ಬಯಲಾದರೆ ನಾನು ಒಪ್ಪಲ್ಲ. ಅದನ್ನು ಮುಚ್ಚಲು ಮಾಡಿದ ಕೆಲಸವೇ ಅದನ್ನು ಬಯಲು ಮಾಡಬೇಕು. ತಮ್ಮಣ್ಣ ಅಪ್ಪನನ್ನು ಊರು ಬಿಡಿಸಿದ್ದಕ್ಕೇ ತಾನೇ ಗಡ್ಡಪ್ಪ ಕುರಿಗಾಹಿಗಳ ಜೊತೆ ಸೇರಿದ್ದು? ಆಮೇಲೆ ಅವರೆಲ್ಲ ಎಲ್ಲಿಗೆ ಬಂದರು ಅಂತ ನೋಡಿದವರಿಗೆ ಗೊತ್ತು.

ಪಾತ್ರಗಳ ಬಗ್ಗೆ ಇನ್ನೊಂದು ಮಾತು. ಎಲ್ಲರಿಗೂ ಏನಾದರೂ ಬೇಕಾಗಿರುವ ಕಥೆಯಲ್ಲಿ ಏನೂ ಬೇಡದ ಒಬ್ಬ ಮನುಷ್ಯ ಇದ್ದರೆ ಅವನೇ ದೊಡ್ಡ ತೊಡಕು. ಗಡ್ಡಪ್ಪ ಯಾರಿಗೂ ಕೇಡು ಮಾಡಲ್ಲ. ಸುಮ್ನೆ ನಡೆಯುತ್ತಾನೆ. ವಿಲನ್ ಬಂದು ಹೊಡೆದಿದ್ದರೂ ತಮ್ಮಣ್ಣನ ಲೆಕ್ಕ ಅಷ್ಟು ತಪ್ಪುತ್ತಿರಲಿಲ್ಲ. ಇನ್ನು ಸತ್ತವನು ಕೂಡ ಒಂದು ಪಾತ್ರವೇ. ಅವನು ಮಾತಾಡಲ್ಲ, ಅಲುಗಾಡಲ್ಲ. ಆದರೆ ಅವನಿಗೆ ಕಾಯೋಕೆ ಆಗಲ್ಲ. ಮಣ್ಣು ಇವತ್ತೇ ಆಗಬೇಕು, ತಿಥಿ ಹನ್ನೊಂದಕ್ಕೇ ಆಗಬೇಕು. ಎಲ್ಲರ ಗಡಿಬಿಡಿಗೂ ಗಡಿಯಾರ ಅವನು.

ಅಮೆರಿಕದ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಅಣುಬಾಂಬಿನ ಯುದ್ಧದ ಬಗ್ಗೆ ಸಿನಿಮಾ ಮಾಡಲು ಹೊರಟಾಗ ಕೈಯಲ್ಲಿದ್ದದ್ದು ಪೀಟರ್ ಜಾರ್ಜ್ ಬರೆದ ಗಂಭೀರ ಕಾದಂಬರಿ. ಕುಬ್ರಿಕ್ ಮೊದಲು ಅಂದುಕೊಂಡಿದ್ದೂ ಗಂಭೀರ ಸಿನಿಮಾನೇ. ಬರೆಯುತ್ತಾ ಹೋದಂತೆ ನಗು ಬರುವ ಜಾಗಗಳು ಎದುರಾದವು. ತೆಗೆದು ಹಾಕಿದರೆ ನಿಜವೇ ಹೋಗುತ್ತಿತ್ತು. ಅದು 1964ರಲ್ಲಿ 'ಡಾಕ್ಟರ್ ಸ್ಟ್ರೇಂಜ್‌ಲವ್' ಆಗಿ ಬಂತು. ಜಗತ್ತು ಸುಡುವ ಹೊತ್ತಲ್ಲಿ ಅಮೆರಿಕದ ಅಧ್ಯಕ್ಷ ಫೋನಿನಲ್ಲಿ ರಷ್ಯಾದ ನಾಯಕನನ್ನು ಸಮಾಧಾನ ಮಾಡುತ್ತಾನೆ, ಮುನಿಸಿಕೊಂಡ ಬೀಗರನ್ನು ಒಲಿಸುವ ಹಾಗೆ. ಆ ಅಧ್ಯಕ್ಷ ಜೋಕ್ ಹೇಳುತ್ತಿಲ್ಲ. ನಿಜವಾಗಿಯೂ ಸಮಾಧಾನ ಮಾಡುತ್ತಿದ್ದಾನೆ.

ಇಷ್ಟು ಹೇಳಿದ ಮೇಲೆ ಕೆಲವರು ಇನ್ನೊಂದು ಮಾತು ತೆಗೆಯುತ್ತಾರೆ. ನನಗೆ ಸಿಟ್ಟು ಬರೋದು ಇಲ್ಲಿ. "ಸತ್ತವರ ಮುಂದ ನಗೋದು ನಮ್ಮ ಕಡೀದಲ್ಲ ಬಿಡ್ರಿ. ಅದು ಹೊರಗಿಂದು."

ಯಾರು ಹೇಳಿದ್ದು? ಗಣಪತಿ ಹಬ್ಬ ಆದಮೇಲೆ ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಹೆಣ್ಣುಮಕ್ಕಳು ನಿಮ್ಮ ಮನೆ ಬಾಗಿಲಿಗೆ ಬರಲ್ವಾ? ಮಣ್ಣಿನ ಮೂರ್ತಿ, ಸುತ್ತ ಬೇವಿನ ಸೊಪ್ಪು, ಬಾಯಿಗೆ ಬೆಣ್ಣೆ. ಅವನ ಪೋಲಿತನದ ಹಾಡು ಕೇಳಿ ನಮ್ಮ ಅಜ್ಜಿಯಂದಿರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಅವನ ಆಯುಷ್ಯ ಏಳೇ ದಿನ. ಕೊನೆಗೆ ಅವನನ್ನು ಕೊಲ್ಲುತ್ತಾರೆ. ಹಾಡುವವರಿಗೂ ಗೊತ್ತು, ಮೊರದಲ್ಲಿ ಜೋಳ ಹಾಕುವವರಿಗೂ ಗೊತ್ತು. ಗಣಪ ಮೇಲೆ ಹೋಗಿ ಭೂಮಿಯಲ್ಲಿ ಎಲ್ಲ ಚೆನ್ನಾಗಿದೆ ಅಂತ ಹೇಳುತ್ತಾನಂತೆ. ಮಳೆ ಇಲ್ಲ, ಜನ ಹಸಿದಿದ್ದಾರೆ ಅಂತ ನಿಜ ಹೇಳೋನು ಜೋಕುಮಾರ. ಈ ಕಥೆ ಇಟ್ಟುಕೊಂಡ ಊರುಗಳಲ್ಲಿ ಕೂತು, ಸಾವು ನಗು ಒಟ್ಟಿಗೆ ಬರೋದು ಹೊರಗಿನದು ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಕೇಳಲಿ ಅಂತ ನಾನು ಕಾಯುತ್ತಿದ್ದೇನೆ. ಈ ಸಿನಿಮಾದಲ್ಲಿ ಅಳೋರು ಯಾರು?

ಸಿನಿಮಾ ಆರಿಸುವಾಗ ನಾನು ಹುಡುಕೋದು ಇದನ್ನೇ. ಅಳುವವರು ಯಾರೂ ಇಲ್ಲದಿದ್ದರೆ ಅದು ಬರೀ ಹೆಣ ಇಟ್ಟುಕೊಂಡು ಆಡುವ ಆಟ. ನಾನು ಹಾಕಲ್ಲ. 1983ರ ಹಿಂದಿ ಸಿನಿಮಾ 'ಜಾನೇ ಭೀ ದೋ ಯಾರೋ'ದಲ್ಲಿ ಕಮಿಷನರ್ ಡಿಮೆಲ್ಲೋನ ಹೆಣ ಮಹಾಭಾರತ ನಾಟಕದ ಸ್ಟೇಜಿಗೆ ಹೋಗಿ ದ್ರೌಪದಿ ಆಗುತ್ತೆ. ನಮ್ಮ ಮಹಡಿ ಮೇಲೆ ಆವತ್ತು ಗಿರ್ಮಿಟ್ಟಿನ ತಟ್ಟೆಗಳು ಉರುಳಿದವು, ಅಷ್ಟು ನಗು. ಡಿಮೆಲ್ಲೋಗಾಗಿ ಅಳುವವರು ಯಾರೂ ಇಲ್ಲ. ಭ್ರಷ್ಟ ಅವನು. ಆದರೆ ನಿರ್ದೇಶಕ ಕುಂದನ್ ಶಾ ಆ ಅಳುವನ್ನು ಕೊನೆಗೆ ಎತ್ತಿಟ್ಟಿರುತ್ತಾರೆ. ಸತ್ಯ ಹೇಳಲು ಓಡಾಡಿದ ಇಬ್ಬರು ಬಡ ಫೋಟೋಗ್ರಾಫರ್‌ಗಳು ಕೈದಿಗಳ ಬಟ್ಟೆಯಲ್ಲಿ ನಮ್ಮ ಕಡೆ ತಿರುಗಿ, ಕತ್ತು ಕೊಯ್ದ ಹಾಗೆ ಕೈ ಮಾಡುತ್ತಾರೆ. ಅಲ್ಲಿ ಅಳಬೇಕಾದವರು ನಾವು. 'ತಿಥಿ'ಯಲ್ಲಿ ಗಡ್ಡಪ್ಪ ಕುರಿಗಾಹಿಗಳ ಬೆಂಕಿ ಮುಂದೆ ಕೂತು ತನ್ನ ಹಳೆಯ ಕಥೆ ಹೇಳುತ್ತಾನೆ. ಅದೇನು ಅಂತ ಬರೆಯಲ್ಲ, ನೋಡದವರಿಗೆ ಇರಲಿ. ಅದನ್ನು ಕೇಳಿದ ಮೇಲೆ ಅವನ ಅಲೆದಾಟ ನೋಡಿ ನಗಲು ನನಗೆ ಆಗಲಿಲ್ಲ.

ನನಗೆ ಈ ಪ್ರಶ್ನೆ ಕಲಿಸಿದ್ದು ಸಿನಿಮಾ ಅಲ್ಲ. ನಮ್ಮ ಅಜ್ಜನ ಸಾವು.

ಅಜ್ಜನ ಊರು ಹಾವೇರಿ ಜಿಲ್ಲೆಯಲ್ಲಿ, ಬ್ಯಾಡಗಿ ಹತ್ತಿರ. ಅವರು ತೀರಿಕೊಂಡದ್ದು ಮೆಣಸಿನಕಾಯಿ ಸುಗ್ಗಿಯಲ್ಲಿ. ನಾವು ಧಾರವಾಡದಿಂದ ಹೋಗಿ ಇಳಿದಾಗ ಅಂಗಳದ ತುಂಬ ಕೆಂಪು ಕಾಯಿ ಒಣಗಲು ಹಾಕಿತ್ತು. ಒಣಗಿದ್ದು ಚೀಲದಲ್ಲಿ ತುಂಬಿ ಪಡಸಾಲೆಯಲ್ಲಿ ಒಟ್ಟಿದ್ದರು. ಅಜ್ಜನನ್ನು ಆ ಪಡಸಾಲೆಯಲ್ಲೇ ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ ಕೂರಿಸಬೇಕಿತ್ತು. ಚೀಲ ಸರಿಸಿದರು. ಒಂದು ಚೀಲದ ಬಾಯಿ ಬಿಚ್ಚಿ ಅರ್ಧ ನೆಲಕ್ಕೆ ಸುರಿಯಿತು.

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ಮುಚ್ಚಿದ ಕೋಣೆಯಲ್ಲಿ ಅದರ ಘಾಟು ಎದ್ದರೆ ಯಾರೂ ತಡೆಯಲ್ಲ. ಭಜನೆಯವರು ಸೀನಿದರು. ತಾಳ ತಪ್ಪಿತು. ಅಜ್ಜನ ಜೊತೆ ಹತ್ತು ವರ್ಷ ಮಾತು ಬಿಟ್ಟಿದ್ದ ಬೀಗರೊಬ್ಬರು ಒಳಗೆ ಬಂದವರೇ ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತಾ ನಿಂತರು. ಹೆಂಗಸರು ಅವರನ್ನು ಹಿಡಿದು ಕೂರಿಸಿ, "ಎಷ್ಟ ಜೀವಾ ಇಟ್ಟಿದ್ರಿ ಯಣ್ಣಾ" ಅಂತ ಸಮಾಧಾನ ಮಾಡಿದರು. ಅವರಿಗೆ ಘಾಟು ಅಂತ ಹೇಳಲು ಬಾಯಿಲ್ಲ. ಯಾರು ದುಃಖಕ್ಕೆ ಅಳುತ್ತಿದ್ದಾರೆ, ಯಾರು ಮೆಣಸಿನಕಾಯಿಗೆ, ಒಂದೂ ತಿಳಿಯುತ್ತಿರಲಿಲ್ಲ.

ಸ್ವಾಮಿಗಳು ಇನ್ನೂ ಬಂದಿರಲಿಲ್ಲ. ದಾವಣಗೆರೆಯಿಂದ ಅತ್ತೆ ಬರುವ ಬಸ್ಸು ಇನ್ನೂ ದಾರಿಯಲ್ಲಿತ್ತು. ಅಷ್ಟರಲ್ಲಿ ಪಡುವಣ ದಿಕ್ಕಿಗೆ ಮೋಡ ಎದ್ದಿತು. ಸುಗ್ಗಿಯಲ್ಲಿ ಬರಬಾರದ ಮಳೆ. ಈ ಕಾಯಿಗೆ ರೇಟು ಸಿಗೋದು ಬಣ್ಣಕ್ಕೆ. ಒಂದು ಮಳೆ ಬಿದ್ದರೆ ಬಣ್ಣ ಕೆಡುತ್ತೆ, ವರ್ಷದ ದುಡಿಮೆ ಹೋಗುತ್ತೆ. ಕಾಕಾ ಬಾಗಿಲಲ್ಲಿ ನಿಂತಿದ್ದರು. ಒಮ್ಮೆ ಅಪ್ಪನ ಕಡೆ ನೋಡುವರು, ಒಮ್ಮೆ ಮೋಡದ ಕಡೆ. ಮಗನಾದವನು ಹೆಣ ಬಿಟ್ಟು ಹೋಗಬಾರದು ಅಂತ ಯಾರೋ ಅಂದರು. ದೊಡ್ಡ ಹನಿ ಬಿತ್ತು. ಮೊದಲು ಎದ್ದದ್ದು ಭಜನೆಯವರು. ಹಾರ್ಮೋನಿಯಂ ಬದಿಗಿಟ್ಟು, ಧೋತರ ಎತ್ತಿ ಕಟ್ಟಿ ಅಂಗಳಕ್ಕೆ ಇಳಿದರು. ಹಲಗಿಯವರು ಇಳಿದರು. ಬೀಗರೂ ಇಳಿದರು. ಕಾಕಾ ಓಡಿದರು. ಬುಟ್ಟಿ, ಚೀಲ, ಚಾಪೆ, ಸೀರೆ, ಸಿಕ್ಕಿದ್ದರಲ್ಲಿ ಬಾಚಿ ತುಂಬಿದರು. ಹತ್ತು ನಿಮಿಷ ಪಡಸಾಲೆಯಲ್ಲಿ ಅಜ್ಜ, ಅಜ್ಜಿ, ನಾನು ಮೂವರೇ.

ಅಜ್ಜಿ ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಘಾಟಿಗೂ ಹಾಕಲಿಲ್ಲ. ಅದರಲ್ಲೇ ಬದುಕಿದ ಜೀವ.

ಎಲ್ಲರೂ ಒದ್ದೆಯಾಗಿ, ಕೈಯೆಲ್ಲ ಕೆಂಪಾಗಿ ಒಳಗೆ ಬಂದರು. ಏದುಸಿರು ಬಿಡುತ್ತಾ ಮತ್ತೆ ತಾಳ ಹಿಡಿದರು. ಆಗ ಅಜ್ಜಿ ಕೇಳಿದಳು. "ಕಾಯಿ ಎಲ್ಲಾ ಒಳಗ ಬಂದ್ವೇನು?"

"ಬಂದ್ವು ಯವ್ವಾ," ಅಂದರು ಕಾಕಾ.

"ಹಂಗಾರ ಅವರಿಗೆ ಹೇಳು."

ಮೂಲೆಯಲ್ಲಿ ಒಬ್ಬರು ಕಿಸಕ್ಕನೆ ನಕ್ಕರು. ನನಗೂ ನಗು ಬಂತು. ಕಾಕಾ ಸೀದಾ ಹೋಗಿ ಅಜ್ಜನ ಮುಂದೆ ಕೂತರು. ದಿನಾ ಸಂಜೆ ಹೊಲದಿಂದ ಬಂದು ಹೇಳುವ ದನಿಯಲ್ಲೇ, "ಅಪ್ಪಾ, ಕಾಯಿ ಒಳಗ ಬಂದ್ವು. ಒಂದೂ ತೊಯ್ದಿಲ್ಲ" ಅಂದರು. ಎದ್ದು ಬರಲು ನೋಡಿದರು. ಆಗಲಿಲ್ಲ. ಮೆಣಸಿನಕಾಯಿ ಕೈಯಲ್ಲೇ ಕಣ್ಣು ಒರೆಸಿಕೊಂಡರು.