ಮಾಸಿನಿಂದ ಹುಟ್ಟುವ ಕ್ಯಾನ್ಸರ್: ಎಷ್ಟು ಅಪರೂಪ, ಯಾರಿಗೆ?

ಕೋರಿಯೋಕಾರ್ಸಿನೋಮವನ್ನು ಬೇರೆ ಕ್ಯಾನ್ಸರುಗಳ ಹಾಗೆ ಲಕ್ಷ ಜನರಿಗೆ ಇಷ್ಟು ಎಂದು ಎಣಿಸುವುದು ಕಡಿಮೆ. ಮಾಸಿನ ಜೀವಕೋಶಗಳಿಂದ ಹುಟ್ಟುವ ಕಾಯಿಲೆಯಾದ್ದರಿಂದ ಬಸಿರುಗಳ ಲೆಕ್ಕದಲ್ಲೇ ಹೇಳುತ್ತಾರೆ. ಯೂರೋಪ್, ಉತ್ತರ ಅಮೆರಿಕಗಳಲ್ಲಿ ಸುಮಾರು 40,000 ಬಸಿರಿಗೆ ಒಂದು. ಆಗ್ನೇಯ ಏಷ್ಯಾದ ಹಳೆಯ ವರದಿಗಳಲ್ಲಿ ಅಷ್ಟೇ ಬಸಿರಿಗೆ ಒಂಬತ್ತರವರೆಗೂ ಇದೆ. ಈ ಅಂತರವನ್ನು ಹಾಗೇ ನಂಬಬೇಡಿ. ಮನೆಯಲ್ಲೇ ಆದ ಹೆರಿಗೆಗಳು ಆಸ್ಪತ್ರೆಯ ಪುಸ್ತಕಕ್ಕೆ ಬರುವುದಿಲ್ಲ, ಕಷ್ಟದ ಕೇಸುಗಳು ಮಾತ್ರ ದೊಡ್ಡಾಸ್ಪತ್ರೆಗೇ ಬರುತ್ತವೆ. ಭಾಗಿಸುವ ಸಂಖ್ಯೆ ಚಿಕ್ಕದಾದಷ್ಟೂ ಪ್ರಮಾಣ ದೊಡ್ಡದಾಗಿ ಕಾಣುತ್ತದೆ.

ಇವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಮೋಲಾರ್ ಬಸಿರಿನ, ಅಂದರೆ ಮಾಸು ನೀರ್ಗುಳ್ಳೆಗಳಾಗಿ ಬೆಳೆಯುವ ಬಸಿರಿನ, ನಂತರ ಬರುತ್ತವೆ. ಉಳಿದರ್ಧದಲ್ಲಿ ಒಂದು ಪಾಲು ಗರ್ಭಪಾತ ಅಥವಾ ನಾಳದ ಬಸಿರಿನ ನಂತರ, ಇನ್ನೊಂದು ಪಾಲು ಹೆರಿಗೆಯ ನಂತರ. ಮಗು ಆರೋಗ್ಯವಾಗಿದೆ ಎಂದ ಮಾತ್ರಕ್ಕೆ ತಾಯಿಗೆ ಇದು ಬರುವುದಿಲ್ಲ ಎನ್ನುವಂತಿಲ್ಲ.

ಮೋಲಾರ್ ಬಸಿರು ಅಷ್ಟೇನೂ ಅಪರೂಪವಲ್ಲ, ಸಾವಿರಕ್ಕೆ ಒಂದೆರಡು. ಪೂರ್ಣ ಮೋಲ್‌ನಲ್ಲಿ ಭ್ರೂಣವೇ ಇರುವುದಿಲ್ಲ. ತಾಯಿಯ ವರ್ಣತಂತುಗಳಿಲ್ಲದ ಅಂಡದಲ್ಲಿ ತಂದೆಯವು ಮಾತ್ರ ಕೂತು ಮಾಸು ನೀರ್ಗುಳ್ಳೆಗಳಾಗಿ ಬೆಳೆಯುತ್ತದೆ. ನಲವತ್ತು ದಾಟಿದವರಿಗೆ ಅಪಾಯ ಹಲವು ಪಟ್ಟು ಹೆಚ್ಚು, ಹದಿಹರೆಯದವರಿಗೂ ಸ್ವಲ್ಪ ಹೆಚ್ಚು. ಒಮ್ಮೆ ಆದವರಿಗೆ ಮತ್ತೆ ಆಗುವುದು ನೂರಕ್ಕೆ ಒಂದೆರಡು ಸಲ. ಮತ್ತೆ ಮತ್ತೆ ಆದರೆ ಎನ್‌ಎಲ್‌ಆರ್‌ಪಿ7 ಎಂಬ ಜೀನ್ ನೋಡಿಸಬೇಕು. ಈ ದೋಷ ತಂದೆತಾಯಿ ಇಬ್ಬರಿಂದಲೂ ಬಂದಿರಬೇಕು. ಹಾಗಾಗಿ ಸೋದರಮಾವ, ಅತ್ತೆಮಗನ ಜೊತೆ ಮದುವೆಯಾದವರ ಹೆಣ್ಣುಮಕ್ಕಳಲ್ಲಿ ಅದಕ್ಕೆ ಅವಕಾಶ ಹೆಚ್ಚು. ಗಮನಿಸಿ, ಇಲ್ಲಿ ಲೆಕ್ಕಕ್ಕೆ ಬರುವುದು ಅವಳ ಅಪ್ಪ ಅಮ್ಮನ ಸಂಬಂಧ, ಅವಳ ಗಂಡನದಲ್ಲ.

ಪೂರ್ಣ ಮೋಲ್ ತೆಗೆಸಿದ ಮೇಲೂ 15ರಿಂದ 20 ಪ್ರತಿಶತ ಹೆಂಗಸರಲ್ಲಿ ಉಳಿದ ಕೋಶಗಳು ಬೆಳೆಯುತ್ತಲೇ ಇರುತ್ತವೆ. ಭ್ರೂಣದ ಅಂಶವೂ ಇರುವ ಭಾಗಶಃ ಮೋಲ್‌ನಲ್ಲಿ ಇದು 5 ಪ್ರತಿಶತಕ್ಕಿಂತ ಕಡಿಮೆ. ಹಿಡಿಯಲು ಇರುವ ದಾರಿ ರಕ್ತದ ಬೀಟಾ ಎಚ್‌ಸಿಜಿ, ಮಾಸಿನ ಕೋಶಗಳು ಸ್ರವಿಸುವ ಹಾರ್ಮೋನು. ವಾರಕ್ಕೊಮ್ಮೆ ನೋಡುತ್ತಾರೆ. ಮೂರು ವಾರದಲ್ಲಿ ನಾಲ್ಕು ಸಲ ಅಳೆದರೂ ಅಲ್ಲೇ ನಿಂತಿದ್ದರೆ, ಅಥವಾ ಎರಡು ವಾರದಲ್ಲಿ ಮೂರು ಸಲ ಏರುತ್ತಲೇ ಹೋದರೆ, ಚಿಕಿತ್ಸೆ ಬೇಕು. ಬಯಾಪ್ಸಿಗೆ ಕಾಯುವುದಿಲ್ಲ, ಈ ಗಡ್ಡೆಗೆ ಸೂಜಿ ಹಾಕಿದರೆ ರಕ್ತ ನಿಲ್ಲಿಸುವುದೇ ಕಷ್ಟ.

ಎಡವುವುದು ಇಲ್ಲೇ. ಮೊದಲ ವಾರ ಗಂಡನ ಮನೆಯ ಹತ್ತಿರದ ಲ್ಯಾಬು, ಆರೈಕೆಗೆಂದು ಹೋದ ಮೇಲೆ ತವರಿನ ಊರಿನ ಲ್ಯಾಬು. ಕಿಟ್ ಬೇರೆಯಾದರೆ ಅಂಕಿಯೂ ಬೇರೆ. ಏರಿತೋ ಇಳಿಯಿತೋ ಹೇಳಲಾಗುವುದಿಲ್ಲ. ಕೊನೆಯವರೆಗೂ ಒಂದೇ ಲ್ಯಾಬಿಗೆ ಹೋಗಿ. ನಡುವೆ ಬಸಿರಾದರೂ ಲೆಕ್ಕ ಕೆಡುತ್ತದೆ, ಆದ್ದರಿಂದ ಅಲ್ಲಿಯವರೆಗೆ ಗರ್ಭನಿರೋಧಕ ಬೇಕೇ ಬೇಕು. ಎಚ್‌ಸಿಜಿ ವಿಪರೀತ ಇದ್ದಾಗ ಪರೀಕ್ಷೆ ಸೋತು ಕಡಿಮೆ ತೋರಿಸುವುದೂ ಉಂಟು. ಅನುಮಾನ ಬಂದರೆ ರಕ್ತದ ಮಾದರಿಯನ್ನು ತೆಳುಮಾಡಿ ಮತ್ತೆ ನೋಡಲು ಲ್ಯಾಬಿಗೆ ಹೇಳಬೇಕು.

ಇನ್ನೊಂದು ತಪ್ಪು ಇದಕ್ಕೂ ಮೊದಲೇ ಆಗುತ್ತದೆ. 'ಕ್ಲೀನ್ ಮಾಡಿಸಿದ' ಮೇಲೆ ತೆಗೆದದ್ದನ್ನು ಪೆಥಾಲಜಿಗೆ ಕಳಿಸುವುದಿಲ್ಲ. ಈಗ ಸ್ಕ್ಯಾನಿಂಗ್‌ನಲ್ಲಿ ಬೇಗ ಗೊತ್ತಾಗುವುದರಿಂದ ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳು ಕಣ್ಣಿಗೆ ಕಾಣುವಷ್ಟು ಬೆಳೆದಿರುವುದಿಲ್ಲ, ಸೂಕ್ಷ್ಮದರ್ಶಕವೇ ಹೇಳಬೇಕು. ಅಂಗಡಿ ಮಾತ್ರೆ ನುಂಗಿ ಗರ್ಭ ಇಳಿಸಿಕೊಂಡವರಲ್ಲಿ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಹೆರಿಗೆ ಅಥವಾ ಗರ್ಭಪಾತವಾಗಿ ಆರು ವಾರ ಕಳೆದರೂ ರಕ್ತ ಹೋಗುತ್ತಿದ್ದರೆ ಒಂದು ಎಚ್‌ಸಿಜಿ ಮಾಡಿಸಿ. ಇದು ಬೇಗ ಹರಡುವುದು ಶ್ವಾಸಕೋಶಕ್ಕೆ. ಬಾಣಂತಿಗೆ ಕೆಮ್ಮಿನಲ್ಲಿ ರಕ್ತ, ಎಕ್ಸ್‌ರೇಯಲ್ಲಿ ಮಚ್ಚೆ ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಟಿಬಿ. ಆಗಲೂ ಅದೇ ಪರೀಕ್ಷೆ.

ಇಷ್ಟೆಲ್ಲ ಹೇಳಿದರೂ ಕ್ಯಾನ್ಸರುಗಳಲ್ಲಿ ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುವಂಥದ್ದು. 1956ರಲ್ಲಿ ಅಮೆರಿಕದಲ್ಲಿ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಸ್ ಮೆಥೊಟ್ರೆಕ್ಸೇಟ್ ಎಂಬ ಔಷಧಿಯಿಂದ ಇದನ್ನು ಗುಣಪಡಿಸಿದ್ದನ್ನು ವರದಿ ಮಾಡಿದರು. ಕಾಯಿಲೆಯ ಅಪಾಯವನ್ನು ಅಳೆಯುವ ಫಿಗೊ ಅಂಕ 6 ಅಥವಾ ಕಡಿಮೆ ಇದ್ದರೆ ಒಂದೇ ಔಷಧಿ ಸಾಕಾಗಬಹುದು, ಗುಣವಾಗುವುದು ಹೆಚ್ಚುಕಡಿಮೆ ನೂರಕ್ಕೆ ನೂರು. 7 ಅಥವಾ ಹೆಚ್ಚಿದ್ದರೆ ಹಲವು ಔಷಧಿ ಸೇರಿಸಿ ಕೊಡುತ್ತಾರೆ. ಒಂದೇ ಔಷಧಿ ಕೊಡುವಾಗ ಹೆಚ್ಚು ಬಳಸುವ ಕ್ರಮವೊಂದರಲ್ಲಿ 1, 3, 5, 7ನೇ ದಿನ ಮೆಥೊಟ್ರೆಕ್ಸೇಟ್ ಇಂಜೆಕ್ಷನ್, ನಡುವಿನ 2, 4, 6, 8ನೇ ದಿನ ಫೋಲಿನಿಕ್ ಆಸಿಡ್. ಎರಡು ವಾರಕ್ಕೊಮ್ಮೆ ಹೊಸ ಸುತ್ತು. ಮೆಡಿಕಲ್ ಶಾಪಿನಲ್ಲಿ ಫೋಲಿನಿಕ್ ಬದಲು ಫೋಲಿಕ್ ಆಸಿಡ್ ಕೊಟ್ಟುಬಿಟ್ಟರೆ ಮೆಥೊಟ್ರೆಕ್ಸೇಟ್‌ನ ಹಾನಿಯಿಂದ ರಕ್ಷಣೆ ಸಿಗುವುದಿಲ್ಲ, ಬಾಯಿ ಹುಣ್ಣಾಗುತ್ತದೆ, ರಕ್ತಕಣಗಳು ಇಳಿಯುತ್ತವೆ. ಪಟ್ಟಿಯ ಮೇಲಿನ ಹೆಸರನ್ನು ಅಕ್ಷರ ಬಿಡದೆ ಓದಿ. ಎಚ್‌ಸಿಜಿ ಅಂಕಿ ಸಾಮಾನ್ಯಕ್ಕೆ ಬಂದ ಮೇಲೂ ಎರಡು ಮೂರು ಸುತ್ತು ಮುಂದುವರಿಸುತ್ತಾರೆ, ಕಣ್ಣಿಗೆ ಕಾಣದ ಉಳಿಕೆಗಾಗಿ.

ಗರ್ಭಕೋಶ ಸಾಮಾನ್ಯವಾಗಿ ಉಳಿಯುತ್ತದೆ. ಕೀಮೋ ಮುಗಿದು ಒಂದು ವರ್ಷವಾದ ಮೇಲೆ ಮಗುವಿಗೆ ಪ್ರಯತ್ನಿಸಬಹುದು. ಆ ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಂದು ಎಚ್‌ಸಿಜಿ ಮಾಡಿಸುವುದು ಒಳ್ಳೆಯದು.