ಹಿಂದಿನ ಡಿಫರೆನ್ಷಿಯಲ್ ಕೊಳ್ಳುವ ಮೊದಲು ಕೈಯಲ್ಲಿ ತಿರುಗಿಸಿ ಎಣಿಸಿ

ಹೋದ ಚಳಿಗಾಲದಲ್ಲಿ ನನ್ನ 1999ರ ಸುಬಾರು ಇಂಪ್ರೆಝಾ 2.5 ಆರ್‌ಎಸ್‌ನ ಹಿಂಭಾಗದಲ್ಲಿ ಒಂದು ಸದ್ದು ಶುರುವಾಯಿತು. ಗಂಟೆಗೆ 80 ಕಿಲೋಮೀಟರ್ ಹತ್ತಿರ ಬಂದಾಗ ದುಂಬಿ ಗುಂಯ್‌ಗುಟ್ಟಿದ ಹಾಗೆ. ಇಲ್ಲಿ ಕೊಲರಾಡೋದಲ್ಲಿ ಹಳೇ ಸುಬಾರುಗಳು ತುಂಬಾ ಇವೆ, ಅವುಗಳ ಹಿಂದಿನ ವೀಲ್ ಬೇರಿಂಗ್ ಹೋಗುವುದೂ ಹೊಸ ಸುದ್ದಿಯಲ್ಲ. ಗ್ಯಾರೇಜಿನವರು ಅದನ್ನೇ ಬದಲಾಯಿಸಿಕೊಟ್ಟರು. ಸದ್ದು ಹಾಗೇ ಉಳಿಯಿತು. ಆಮೇಲೆ ನಾನೇ ಕಿವಿಗೊಟ್ಟು ಕೇಳಿದೆ. ಕಾರನ್ನು ಸ್ವಲ್ಪ ಎಡಕ್ಕೆ, ಬಲಕ್ಕೆ ವಾಲಿಸಿದಾಗ ಬದಲಾಗುವುದು ವೀಲ್ ಬೇರಿಂಗ್ ಸದ್ದು. ನನ್ನದು ಆಕ್ಸಿಲರೇಟರ್ ಒತ್ತಿದಾಗ ಒಂದು ತರಹ, ಬಿಟ್ಟಾಗ ಇನ್ನೊಂದು ತರಹ. ಅಂದರೆ ತೊಂದರೆ ಇದ್ದದ್ದು ಎಡಬಲ ಚಕ್ರಗಳಿಗೆ ಬಲ ಹಂಚುವ ಗೇರಿನ ಪೆಟ್ಟಿಗೆಯಾದ ಡಿಫರೆನ್ಷಿಯಲ್‌ನಲ್ಲಿ, ಅದರೊಳಗೆ ಪಿನಿಯನ್ ಅನ್ನುವ ಚಿಕ್ಕ ಗೇರಿನ ಬೇರಿಂಗ್‌ನಲ್ಲಿ. ಎಣ್ಣೆ ಇಳಿಸಿ ನೋಡಿದರೆ ಬೆಳ್ಳಿಪುಡಿ ಕಲಸಿದ ಹಾಗೆ ಹೊಳೆಯುತ್ತಿತ್ತು.

ಬಿಚ್ಚಿ ಬೇರಿಂಗ್ ಹಾಕಿಸಬಹುದು. ಆದರೆ ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಕ್ರೌನ್ ವೀಲ್ ಇವುಗಳ ಹಲ್ಲು ಸರಿಯಾಗಿ ಕೂರಿಸಲು ಶಿಮ್ ಅನ್ನುವ ತೆಳು ಬಿಲ್ಲೆ, ಅಳತೆಯ ಉಪಕರಣ, ಪಳಗಿದ ಕೈ ಎಲ್ಲ ಬೇಕು. ಜಂಕ್‌ಯಾರ್ಡಿನಿಂದ ಇಡೀ ಡಿಫರೆನ್ಷಿಯಲ್ ತಂದು ಹಾಕುವುದು ಸುಲಭ. ತಪ್ಪು ಆಗುವುದೂ ಇಲ್ಲೇ.

ಆ ಕಾಲದ ಹೆಚ್ಚಿನ ಸುಬಾರುಗಳಲ್ಲಿ ಇರುವುದು ಆರ್160 ಅನ್ನುವ ಡಿಫರೆನ್ಷಿಯಲ್. ಕ್ರೌನ್ ವೀಲ್‌ನ ವ್ಯಾಸ 160 ಮಿ.ಮೀ., ಅದಕ್ಕೇ ಆ ಹೆಸರು. ಹೊರಗಿನಿಂದ ಎಲ್ಲವೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಒಳಗೆ ಮಾತ್ರ ಬೇರೆ ಬೇರೆ. 3.545, 3.70, 3.90, 4.11, 4.44 ಹೀಗೆ ಹಲವು ಅನುಪಾತಗಳಿವೆ, ಅಂದರೆ ಕ್ರೌನ್ ಒಂದು ಸುತ್ತು ಬರಲು ಪಿನಿಯನ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ. 4.11 ಅಂದರೆ ಪಿನಿಯನ್‌ಗೆ 9 ಹಲ್ಲು, ಕ್ರೌನ್‌ಗೆ 37. 3.90 ಅಂದರೆ 10 ಮತ್ತು 39. ಈ ಕಾರಿನಲ್ಲಿ ಬಲ ನಾಲ್ಕೂ ಚಕ್ರಗಳಿಗೆ ಹೋಗುತ್ತದೆ. ಮುಂದಿನ ಚಕ್ರಗಳ ಕ್ರೌನ್ ಪಿನಿಯನ್ ಗೇರ್‌ಬಾಕ್ಸ್ ಒಳಗೇ ಇರುತ್ತದೆ, ಹಿಂದಿನದು ಅದಕ್ಕೆ ಹೊಂದಲೇಬೇಕು.

ಹೊಂದದಿದ್ದರೆ ಏನಾಗುತ್ತದೆ? ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 830 ಸುತ್ತು ತಿರುಗುತ್ತದೆ. ಮುಂದೆ 4.11, ಹಿಂದೆ 3.90 ಇದ್ದರೆ ಎರಡೂ ಕಡೆಯ ಶಾಫ್ಟ್‌ಗಳ ನಡುವೆ ನಿಮಿಷಕ್ಕೆ 175 ಸುತ್ತಿನಷ್ಟು ವ್ಯತ್ಯಾಸ ಬೀಳುತ್ತದೆ. ಮ್ಯಾನ್ಯುಯಲ್ ಕಾರಿನಲ್ಲಿ ಈ ಜಗಳವನ್ನೆಲ್ಲ ನಡುವಿನ ವಿಸ್ಕಸ್ ಕಪ್ಲಿಂಗ್, ಅಂದರೆ ಮಂದ ದ್ರವದ ಮೂಲಕ ಮುಂದಿನ ಹಿಂದಿನ ಶಾಫ್ಟ್‌ಗಳನ್ನು ಜೋಡಿಸುವ ಭಾಗ, ನುಂಗಬೇಕು. ಅದು ಕಾದು ಕಾದು ಸಾಯುತ್ತದೆ. ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅಂತಾರೆ, ಅದು ಶೇಕಡಾ 0.3ರಷ್ಟು ಮಾತ್ರ. ಇಲ್ಲಿ ಶೇಕಡಾ 5ಕ್ಕಿಂತ ಜಾಸ್ತಿ! ಆ ಕಾಲದ ಆಟೋಮ್ಯಾಟಿಕ್‌ಗಳಲ್ಲಾದರೆ ಬಾನೆಟ್ ಒಳಗೆ ಎಫ್‌ಡಬ್ಲ್ಯುಡಿ (ಮುಂದಿನ ಚಕ್ರಗಳಿಗೆ ಮಾತ್ರ ಬಲ) ಅಂತ ಬರೆದ ಖಾಲಿ ಫ್ಯೂಸ್ ಜಾಗ ಇರುತ್ತದೆ, ಅಲ್ಲಿ ಫ್ಯೂಸ್ ಹಾಕಿ ಹಿಂದಿನ ಚಕ್ರಗಳ ಬಲ ನಿಲ್ಲಿಸಿಕೊಂಡು ಹೇಗೋ ಮನೆ ಸೇರಬಹುದು. ಮ್ಯಾನ್ಯುಯಲ್‌ನಲ್ಲಿ ಆ ದಾರಿ ಇಲ್ಲ.

ನನ್ನ ಕಾರಿನದು 4.11. ಒಬ್ಬ ಮಾರಾಟಗಾರ "ಇದೂ ಇಂಪ್ರೆಝಾದ್ದೇ, ಎಲ್ಲಾ ಇಂಪ್ರೆಝಾಗೂ ಆಗುತ್ತೆ" ಅಂದ. ನೋಡಲು ಚೊಕ್ಕವಾಗಿತ್ತು, ಬೆಲೆಯೂ ಕಡಿಮೆ. ಸುಮ್ನೆ ದುಡ್ಡು ಕೊಟ್ಟು ಬರಬಹುದಿತ್ತು. ಆದರೂ ಅಲ್ಲೇ ನೆಲದ ಮೇಲಿಟ್ಟು ಎಣಿಸಿದೆ. ಒಂದು ಬದಿಯ ಸ್ಟಬ್ (ಚಕ್ರದ ಆಕ್ಸಲ್ ಸೇರುವ ತುದಿ) ಅಲುಗದಂತೆ ಹಿಡಿಯಿರಿ, ಇನ್ನೊಂದು ಬದಿಗೆ ಸೀಮೆಸುಣ್ಣದ ಗುರುತು ಹಾಕಿ ಸರಿಯಾಗಿ 20 ಸುತ್ತು ತಿರುಗಿಸಿ, ಮುಂದಿನ ಫ್ಲ್ಯಾಂಜ್ (ಗೇರ್‌ಬಾಕ್ಸ್‌ನಿಂದ ಬರುವ ಪ್ರೊಪೆಲರ್ ಶಾಫ್ಟ್ ಸೇರುವ ಬಿಲ್ಲೆ) ಎಷ್ಟು ಸುತ್ತಿತು ಅಂತ ಲೆಕ್ಕ ಇಡಿ. 41 ಬಂದರೆ 4.11, 39 ಬಂದರೆ 3.90, 37 ಬಂದರೆ 3.70. ನನಗೆ 39 ಬಂತು. ಮತ್ತೆ ಎಣಿಸಿದೆ, ಮತ್ತೆ 39. ಅಲ್ಲೇ ಬಿಟ್ಟು ಬಂದೆ. ಈ ಲೆಕ್ಕ ಓಪನ್ ಡಿಫರೆನ್ಷಿಯಲ್‌ಗೆ, ಅಂದರೆ ಎರಡು ಬದಿಯೂ ತಡೆಯಿಲ್ಲದೆ ಬೇರೆ ಬೇರೆ ವೇಗದಲ್ಲಿ ತಿರುಗಬಲ್ಲದ್ದಕ್ಕೆ. ಒಂದು ಸ್ಟಬ್ ತಿರುಗಿಸಿದಾಗ ಇನ್ನೊಂದು ಉಲ್ಟಾ ತಿರುಗಿದರೆ ಓಪನ್, ಬಿಗಿಯಾಗಿ ಅದೇ ದಿಕ್ಕಿಗೆ ಬಂದರೆ ಎಲ್‌ಎಸ್‌ಡಿ, ಅಂದರೆ ಒಂದೇ ಚಕ್ರ ಜಾರಿ ಸುಮ್ಮನೆ ಸುತ್ತದಂತೆ ತಡೆಯುವ ಬಗೆ. ಎಲ್‌ಎಸ್‌ಡಿ ಆದರೆ ಎರಡೂ ಬದಿಯನ್ನು ಒಟ್ಟಿಗೆ 10 ಸುತ್ತು ತಿರುಗಿಸಿ ಎಣಿಸಬೇಕು.

ಇನ್ನೊಂದು ಗುಂಡಿ ಇದೆ. 2002ರಿಂದ 2005ರ ಅಮೆರಿಕದ ಇಂಪ್ರೆಝಾ ಡಬ್ಲ್ಯುಆರ್‌ಎಕ್ಸ್ ಮ್ಯಾನ್ಯುಯಲ್ ಕಾರಿನ ಅನುಪಾತ 3.90 ಅಂತ ಎಲ್ಲ ಕಡೆ ಬರೆದಿರುತ್ತದೆ. ಅದು ಮುಂದಿನದು. ಅದರ ಹಿಂದಿನ ಡಿಫರೆನ್ಷಿಯಲ್ 3.545, ಯಾಕೆಂದರೆ ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಬಲ ಕಳಿಸುವ ಟ್ರಾನ್ಸ್‌ಫರ್ ಗೇರ್‌ನ ಅನುಪಾತ 1.1 ಇದೆ, ಗುಣಿಸಿದರೆ 3.90 ಆಗುತ್ತದೆ. ಇದು ಗೊತ್ತಿಲ್ಲದೆ 3.90 ಅಂದುಕೊಂಡು ತಂದು ಹಾಕಿದರೆ ಹೋಯಿತು. ಸ್ಟಬ್ ಕೂಡ ನೋಡಿಕೊಳ್ಳಿ. ಕೆಲವು ಡಿಫರೆನ್ಷಿಯಲ್‌ಗಳಲ್ಲಿ ಸ್ಟಬ್ ಹೊರಗೆ ಚಾಚಿರುತ್ತದೆ, ಕೆಲವಕ್ಕೆ ಆಕ್ಸಲ್ ತುದಿಯೇ ಒಳಗೆ ಹೋಗುತ್ತದೆ. ನಿಮ್ಮ ಆಕ್ಸಲ್‌ನ ಫೋಟೋ ಜೊತೆಗಿರಲಿ.

ಕೊನೆಗೆ ಜಂಕ್‌ಯಾರ್ಡಿನಲ್ಲಿ ಒಂದು ಮ್ಯಾನ್ಯುಯಲ್ ಸುಬಾರು ಫಾರೆಸ್ಟರ್ ಸಿಕ್ಕಿತು. ಎಣಿಸಿದೆ, 41. ಬಿಚ್ಚುವ ಹಿಂದಿನ ರಾತ್ರಿಯೇ ನನ್ನ ಕಾರಿನ ಬೋಲ್ಟ್‌ಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟೆ. ಹಿಂದಿನ ಎಕ್ಸಾಸ್ಟ್ ಕಳಚಿ, ಪ್ರೊಪೆಲರ್ ಶಾಫ್ಟ್ ಫ್ಲ್ಯಾಂಜ್‌ಗೆ ಗುರುತು ಹಾಕಿ ನಾಲ್ಕು ಬೋಲ್ಟ್ ತೆಗೆದು, ಆಕ್ಸಲ್‌ಗಳನ್ನು ಬಿಡಿಸಿ, ಕೆಳಗೆ ಜಾಕ್ ಕೊಟ್ಟು ಇಳಿಸಬೇಕು. ಹಿಂದಿನಿಂದ ಹಿಡಿದಿರುವ ಬಾರನ್ನು ಇಲ್ಲಿನವರು ಮೀಸೆ ಬಾರ್ ಅಂತಾರೆ, ನಿಜಕ್ಕೂ ಹುರಿಮೀಸೆಯ ಹಾಗೇ ಇದೆ. ಎಣ್ಣೆ ವಿಷಯದಲ್ಲಿ ಒಂದು ಮಾತು. ಕೆಳಗಿನ ಡ್ರೈನ್ ಪ್ಲಗ್ ಮುಟ್ಟುವ ಮೊದಲು ಮೇಲಿನ ಫಿಲ್ ಪ್ಲಗ್ ಬಿಚ್ಚುತ್ತದಾ ನೋಡಿ, ಅರ್ಧ ಇಂಚಿನ ರ್‍ಯಾಚೆಟ್ ನೇರವಾಗಿ ಕೂರುತ್ತದೆ. ಇಳಿಸಿದ ಮೇಲೆ ತುಂಬುವ ದಾರಿಯೇ ತೆರೆಯದಿದ್ದರೆ ಕಾರು ನಿಂತಲ್ಲೇ ನಿಲ್ಲುತ್ತದೆ, ಅಲ್ವಾ? ಜಿಎಲ್-5 ದರ್ಜೆಯ 75ಡಬ್ಲ್ಯು-90 ಎಣ್ಣೆ ಸುಮಾರು 0.8 ಲೀಟರ್ ಸಾಕು.

ಹಾಕಿದ ಮೇಲೆ ಒಣಗಿದ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆದೆ. ಕಾರು ಎಲ್ಲೂ ಜಗ್ಗಲಿಲ್ಲ, ಕುಪ್ಪಳಿಸಲಿಲ್ಲ. ಹೆದ್ದಾರಿಯಲ್ಲಿ 80 ದಾಟಿದರೂ ಟೈರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮನೆಗೆ ಬಂದು ಮತ್ತೆ ಕೆಳಗೆ ನುಸುಳಿ ಡಿಫರೆನ್ಷಿಯಲ್ ಕವರ್ ಮೇಲೆ ಬಿಳಿ ಪೇಂಟಿನಲ್ಲಿ 4.11 ಅಂತ ದೊಡ್ಡದಾಗಿ ಬರೆದೆ.