ಜಾಬ್ ಕಾರ್ಡ್‌ನಲ್ಲಿ ಇಲ್ಲದ ಕಾಯಿಲೆ

ನಮ್ಮದು ತುಮಕೂರಿನಲ್ಲಿ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ. ವೈಂಡಿಂಗ್ ಯಜಮಾನರದು. ಗಲ್ಲಾ, ಬಿಲ್ಲು, ಕಂಪನಿಗಳ ಜೊತೆ ವಾರಂಟಿ ಜಗಳ ಎಲ್ಲ ನನ್ನ ಪಾಲು. ಕೊರಟಗೆರೆ, ಮಧುಗಿರಿ, ಶಿರಾ ಕಡೆಯ ರೈತರು ಸುಟ್ಟ ಮೋಟಾರನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬರುತ್ತಾರೆ. ವಾರಂಟಿ ಇದ್ದರೆ ಕಂಪನಿಗೆ ಬರೆಯುತ್ತೇವೆ. ಅಲ್ಲಿಂದ ಬರುವ ಉತ್ತರ ನನಗೆ ಬಾಯಿಪಾಠ. ಲೋ ವೋಲ್ಟೇಜ್, ಡ್ರೈ ರನ್, ಸಿಂಗಲ್ ಫೇಸ್. ಅಂದರೆ ತಪ್ಪು ಕರೆಂಟಿನದು, ಇಲ್ಲಾ ನೀರಿನದು, ಇಲ್ಲಾ ರೈತನದು. ಮೋಟಾರಿನದಂತೂ ಅಲ್ಲವೇ ಅಲ್ಲ.

ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಬಿಚ್ಚಿ ನೋಡಿದರೆ ತಾನೇ ಗೊತ್ತಾಗೋದು? ಒಂದು ಫೇಸ್ ಹೋಗಿ ಸುಟ್ಟಿದ್ದರೆ ಕೆಲವು ಸುರುಳಿ ಕರಕಲಾಗಿ, ಪಕ್ಕದವು ಹೊಸದರ ಹಾಗೇ ಇರುತ್ತವೆ. ಓವರ್‌ಲೋಡ್ ಆಗಿದ್ದರೆ ಎಲ್ಲವೂ ಒಂದೇ ಸಮ ಕಪ್ಪಾಗಿರುತ್ತವೆ. ಯಜಮಾನರು ಅದನ್ನು ರೈತನಿಗೆ ಕೈಯಲ್ಲಿ ಮುಟ್ಟಿಸಿ ತೋರಿಸಿ, ಆಮೇಲೆ ಮಾತಾಡುತ್ತಾರೆ.

ನಮ್ಮ ಕಾರಿಗೆ ಯಾರೂ ಇಷ್ಟನ್ನೂ ಮಾಡಲಿಲ್ಲ. ಬಾನೆಟ್ ಎತ್ತುವ ಮೊದಲೇ ತೀರ್ಪು ಬಂತು. ‘ಮೇಡಂ, ಇದು ನಿಮ್ಮ ಡ್ರೈವಿಂಗ್ ಸ್ಟೈಲ್ ಪ್ರಾಬ್ಲಂ.’

2021ರ ಆಯುಧಪೂಜೆಗೆ ತಗೊಂಡ ಡೀಸೆಲ್ ಎಸ್‌ಯುವಿ ಇದು. ಷೋರೂಮಿನ ಹುಡುಗ ಕ್ಯಾಲ್ಕುಲೇಟರ್ ಹಿಡಿದು ಪೆಟ್ರೋಲ್ ಗಾಡಿಗಿಂತ ತಿಂಗಳಿಗೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕಿ ತೋರಿಸಿದ. ಕೇಳದೇ ಇದ್ದರೂ ಸನ್‌ರೂಫ್ ಬಗ್ಗೆ ಭಾಷಣ ಮಾಡಿದ. ಮನೆ ಎಸ್.ಎಸ್. ಪುರಂ, ಅಂಗಡಿ ಮಂಡಿಪೇಟೆ ಕಡೆ ಅಂತ ಅವನ ಫಾರಂನಲ್ಲೇ ಬರೆದಿತ್ತು. ಗಾಡಿ ಬಿಸಿ ಆಗುವಷ್ಟರಲ್ಲಿ ಅಂಗಡಿ ಬಂದುಬಿಡುತ್ತದೆ. ಇಷ್ಟು ಕಮ್ಮಿ ಓಡಿಸುವವರಿಗೆ ಈ ಡೀಸೆಲ್ ಆಗಿಬರುತ್ತಾ ಅನ್ನುವ ಮಾತು ಅವನ ಬಾಯಲ್ಲಿ ಬರಲಿಲ್ಲ. ಡಿಪಿಎಫ್ ಅನ್ನುವ ಹೆಸರು ನಾನು ಮೊದಲು ಕೇಳಿದ್ದು ಸರ್ವಿಸ್ ಸೆಂಟರಿನಲ್ಲಿ, ಅದೂ ಬೈಗುಳದ ಹಾಗೆ.

ಡಿಪಿಎಫ್ ಅಂದರೆ ಹೊಗೆ ಹೋಗುವ ದಾರಿಯಲ್ಲಿ ಕೂರಿಸಿರುವ ಮಸಿ ಫಿಲ್ಟರ್. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6 ಅನ್ನುವ ಹೊಗೆ ಮಿತಿಯ ನಿಯಮ ಬಂತು. ಬಿಎಸ್-4 ಇದ್ದಾಗ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿ ಬಿಡಬಹುದಿತ್ತು. ಬಿಎಸ್-6ರಲ್ಲಿ ಅದು 4.5ಕ್ಕೆ ಇಳಿಯಿತು. ಫಿಲ್ಟರ್ ಇಲ್ಲದೆ ಅಷ್ಟು ಕಡಿಮೆ ಮಾಡುವುದು ಕಷ್ಟ. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಿಂಡಿಗಳು, ಒಂದು ಬಿಟ್ಟು ಒಂದರ ಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆ ತೂರಿಕೊಂಡು ಪಕ್ಕದ ಕಿಂಡಿಗೆ ದಾಟಬೇಕು. ಮಸಿ ಗೋಡೆಯಲ್ಲೇ ಉಳಿಯುತ್ತದೆ.

ಹಾಗೆ ಉಳಿದ ಮಸಿಯನ್ನು ಆಗಾಗ ಸುಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಇಂಜಿನ್ ತಾನಾಗಿಯೇ ಸ್ವಲ್ಪ ಡೀಸೆಲ್ಲನ್ನು ತಡವಾಗಿ ಸಿಂಪಡಿಸಿ ಆ ಬಿಸಿ ಹುಟ್ಟಿಸಿಕೊಳ್ಳುತ್ತದೆ. ಇದಕ್ಕೆ ರೀಜನರೇಷನ್ ಅಂತಾರೆ. ಹೈವೇಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಿದರೆ ನಮಗೆ ಗೊತ್ತೇ ಆಗದೆ ಕೆಲಸ ಮುಗಿದಿರುತ್ತದೆ. ಟೌನ್‌ಹಾಲ್ ಸರ್ಕಲ್ಲಿನಲ್ಲಿ ಸಿಕ್ಕಿಹಾಕಿಕೊಂಡು, ಅಂಗಡಿ ಮುಂದೆ ಕೀ ತಿರುಗಿಸಿಬಿಟ್ಟರೆ ಅರ್ಧಕ್ಕೇ ನಿಲ್ಲುತ್ತದೆ. ಮಸಿ ಅಲ್ಲೇ ಇರುತ್ತದೆ. ತಡವಾಗಿ ಸಿಂಪಡಿಸಿದ ಡೀಸೆಲ್ ಸಿಲಿಂಡರ್ ಗೋಡೆಯಲ್ಲಿ ಇಳಿದು ಇಂಜಿನ್ ಆಯಿಲ್ಲಿಗೆ ಸೇರುತ್ತದೆ.

ಆಯಿಲ್ ಕುಡಿಯುವ ಇಂಜಿನ್ ಎಲ್ಲರೂ ನೋಡಿರುತ್ತೀರಿ. ನಮ್ಮದು ಆಯಿಲ್ ಹೆಚ್ಚಿಸಿಕೊಳ್ಳುವ ಇಂಜಿನ್. ಬೆಳಿಗ್ಗೆ ತಣ್ಣಗಿರುವಾಗ ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಹಾಕಿ ತೆಗೆದರೆ, ಆಯಿಲ್ ಮೇಲಿನ ಗೆರೆ ದಾಟಿ ಕಡ್ಡಿಯ ತಿರುವಿನವರೆಗೆ ಬಂದಿರುತ್ತಿತ್ತು. ಬೆರಳಿಗೆ ಹಚ್ಚಿ ಉಜ್ಜಿದರೆ ಅಂಟೇ ಇಲ್ಲ, ನೀರು ನೀರು. ಮೂಗಿನ ಹತ್ತಿರ ಹಿಡಿದರೆ ಪಂಪ್‌ಸೆಟ್ ಮನೆಯ ವಾಸನೆ. ಈ ತೆಳು ಆಯಿಲ್ಲಿನಲ್ಲೇ ಟರ್ಬೋ ತಿರುಗಬೇಕು, ಬೇರಿಂಗ್ ಉಳಿಯಬೇಕು. ಮೋಟಾರ್ ಬೇರಿಂಗುಗಳ ಜೊತೆ ಬದುಕು ಮಾಡಿರುವ ಮನೆಯವರು ನಾವು. ಇದನ್ನು ನೋಡಿಕೊಂಡು ಸುಮ್ನೆ ಇರೋದು ಹೇಗೆ?

ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಸರ್ವಿಸ್ ಸೆಂಟರಿಗೆ ಒಯ್ಯುತ್ತೇವೆ. ಅವರು ಲ್ಯಾಪ್‌ಟಾಪ್ ಸಿಕ್ಕಿಸಿ, ಗಾಡಿ ನಿಂತಲ್ಲೇ ರೇಸ್ ಆಗುವ ಹಾಗೆ ಮಾಡಿ ಮಸಿ ಸುಡುತ್ತಾರೆ. ದೀಪ ಆರುತ್ತದೆ. ಗಾಡಿ ತೊಳೆದು ಕೊಡುತ್ತಾರೆ. ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ದೀಪ. ಒಂದು ಸಲ ಸಾಫ್ಟ್‌ವೇರ್ ಅಪ್‌ಡೇಟ್ ಅಂದರು. ಇನ್ನೊಂದು ಸಲ ಸೆನ್ಸರಿನ ರಬ್ಬರ್ ಪೈಪ್ ಅಂದರು. ಡೀಸೆಲ್ ಎಲ್ಲಿ ಹಾಕಿಸ್ತೀರಾ ಅಂತಲೂ ಕೇಳಿದರು. ಕೊನೆಗೆ ಎಲ್ಲವೂ ಸುತ್ತಿ ಬಂದು ನಿಲ್ಲುತ್ತಿದ್ದುದು ಡ್ರೈವಿಂಗ್ ಸ್ಟೈಲಿನ ಮೇಲೆ. ‘ವಾರಕ್ಕೊಂದು ಸಲ ಹೈವೇಲಿ ಓಡಿಸಿ ಮೇಡಂ. ಅರ್ಧ ಗಂಟೆ. ಎರಡು ಸಾವಿರ ಆರ್‌ಪಿಎಂ ಮೇಲೆ ಇಟ್ಟುಕೊಳ್ಳಿ.’

ಓಡಿಸಿದೆವು. ಭಾನುವಾರ ಊರುಕೆರೆ ದಾಟಿ ಶಿರಾ ರಸ್ತೆಯಲ್ಲಿ ಸೀಬಿಯವರೆಗೆ, ಅಲ್ಲಿಂದ ವಾಪಸ್. ಯಾವ ಕೆಲಸವೂ ಇಲ್ಲ. ಬರೀ ಮಸಿ ಸುಡಲಿಕ್ಕೆ ದುಡ್ಡು ಕೊಟ್ಟು ಡೀಸೆಲ್ ಸುಡುವುದು. ಸೀಬಿ ನರಸಿಂಹಸ್ವಾಮಿ ದೇವಸ್ಥಾನ ಹೈವೇ ಪಕ್ಕದಲ್ಲೇ ಇದೆ. ಹೋದ ಮೇಲೆ ಇಳಿಯದೆ ಬರೋದು ಹೇಗೆ ಅಂತ ಇಳಿಯುತ್ತಿದ್ದೆವು. ಅಲ್ಲಿನ ಚಾವಣಿಯ ಹಳೇ ಚಿತ್ರಗಳನ್ನು ನಮ್ಮಷ್ಟು ಸಲ ಕತ್ತೆತ್ತಿ ನೋಡಿದವರು ಅರ್ಚಕರನ್ನು ಬಿಟ್ಟರೆ ಬೇರೆ ಯಾರೂ ಇರಲಾರರು. ಯಜಮಾನರಂತೂ ನಾಲ್ಕನೇ ಗೇರಿನಲ್ಲೇ ಇಂಜಿನ್ ಕೂಗಿಸಿಕೊಂಡು ಹೋಗುವಾಗ ಹಿಂದಿನ ಲಾರಿಯವರೆಲ್ಲ ಹಾರ್ನ್ ಹೊಡೆದು ಬೈದುಕೊಂಡು ಹೋಗುತ್ತಿದ್ದರು. ಇಷ್ಟೆಲ್ಲ ಮಾಡಿದರೂ ದೀಪ ಬರುವುದು ತಪ್ಪಲಿಲ್ಲ. ಹೈವೇಯಲ್ಲಿ ಓಡಿಸಿದರೆ ಸರಿಹೋಗಬೇಕಾದದ್ದು, ಓಡಿಸಿದರೂ ಸರಿಹೋಗುತ್ತಿಲ್ಲ ಅಂದರೆ ಕಾರಣ ಬೇರೆ ಇರಬೇಕು, ಅಲ್ವಾ? ಈ ಪ್ರಶ್ನೆ ಕೇಳಿದಾಗಲೆಲ್ಲ ಅಡ್ವೈಸರ್ ಹುಡುಗ ನಗುತ್ತಿದ್ದ. ಕೆಟ್ಟವನಲ್ಲ ಪಾಪ. ಮನೆಗೆ ಬಂದ ಮೇಲೆ ಫೋನ್ ಮಾಡಿ, ‘ಕಂಪನಿಯಿಂದ ಕಾಲ್ ಬರುತ್ತೆ, ಹತ್ತಕ್ಕೆ ಹತ್ತು ಕೊಡಿ ಮೇಡಂ, ಒಂಬತ್ತು ಕೊಟ್ಟರೂ ನನ್ನ ಇನ್ಸೆಂಟಿವ್ ಹೋಗುತ್ತೆ’ ಅಂತ ಬೇಡಿಕೊಳ್ಳುತ್ತಿದ್ದ. ಕಂಪನಿಯ ಕಡತದಲ್ಲಿ ನಾವು ಪರಮಸಂತೋಷದ ಗಿರಾಕಿಗಳಾದದ್ದು ಹೀಗೆ.

2024ರ ಅಕ್ಟೋಬರಿಗೆ ಮೂರು ವರ್ಷದ ವಾರಂಟಿ ಮುಗಿಯಿತು. ಅದಾದ ಮೇಲೆ ಒಂದು ದಿನ ಬಟವಾಡಿ ಹತ್ತಿರ ಗಾಡಿಗೆ ಶಕ್ತಿಯೇ ಇಲ್ಲದಂತಾಯಿತು. ಎಷ್ಟು ಒತ್ತಿದರೂ ಮೇಲೇಳುವುದಿಲ್ಲ. ಲಿಂಪ್ ಮೋಡ್ ಅಂತ ಹೆಸರು. ಹಿಂದೆ ಬಸ್ಸು, ಪಕ್ಕದಲ್ಲಿ ಲಾರಿ. ಅದನ್ನು ಜಾಸ್ತಿ ವರ್ಣಿಸುವುದು ಬೇಡ. ಈ ಸಲ ಲ್ಯಾಪ್‌ಟಾಪ್ ಸಿಕ್ಕಿಸಿದರೂ ಮಸಿ ಸುಡಲಿಲ್ಲ. ತುಂಬಿಹೋಗಿದೆ, ಹೊಸದೇ ಹಾಕಬೇಕು ಅಂದರು. ಎಸ್ಟಿಮೇಟ್ ಲಕ್ಷ ದಾಟಿತ್ತು.

ವಾರಂಟಿ ಇದ್ದಾಗಿಂದ ಇದೇ ದೂರು ಹೇಳುತ್ತಿದ್ದೇವಲ್ಲ ಅಂದೆ. ಮ್ಯಾನೇಜರು ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ ಹಳೆಯ ಜಾಬ್ ಕಾರ್ಡುಗಳನ್ನು, ಅಂದರೆ ಗಾಡಿ ಬಿಟ್ಟಾಗಲೆಲ್ಲ ನಮ್ಮ ದೂರು, ಅವರ ಕೆಲಸ ಬರೆದಿಡುವ ಚೀಟಿಗಳನ್ನು, ಒಂದೊಂದಾಗಿ ತೋರಿಸಿದರು. ‘ಜನರಲ್ ಚೆಕಪ್.’ ‘ವಾರ್ನಿಂಗ್ ಲ್ಯಾಂಪ್ ಚೆಕ್ ಮಾಡಿದೆ, ವಾಹನ ಸರಿ ಇದೆ.’ ‘ಗ್ರಾಹಕರಿಗೆ ಸಲಹೆ ನೀಡಲಾಗಿದೆ.’ ‘ವಾಷಿಂಗ್.’ ಡಿಪಿಎಫ್ ಅನ್ನುವ ಶಬ್ದವೇ ಇಲ್ಲ. ಆಯಿಲ್ ಮಟ್ಟ ಏರಿದ್ದು ಎಲ್ಲೂ ಇಲ್ಲ. ಪ್ರತಿ ಸಲವೂ ಅದು ಹೊಸ ಭೇಟಿ, ಬೇರೆ ನಂಬರು. ನಾವು ಮೂರು ವರ್ಷ ಒಂದೇ ಕಾಯಿಲೆಗೆ ತಿರುಗಿದ್ದೆವು. ಅವರ ಕಂಪ್ಯೂಟರಿನಲ್ಲಿ ಆ ಕಾಯಿಲೆ ಒಂದು ಸಲವೂ ಬಂದಿರಲಿಲ್ಲ.

ನನಗೆ ಲಕ್ಷ ರೂಪಾಯಿಗಿಂತ ಜಾಸ್ತಿ ಉರಿದದ್ದು ಇದಕ್ಕೆ.

ಗಾಡಿ ಅಲ್ಲಿ ಬಿಡದೆ ಮೆಲ್ಲಗೆ ಮನೆಗೆ ತಂದೆವು. ನಮ್ಮ ಅಕ್ಕನ ಮಗ ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾನೆ. ಒಂದು ಬೆಂಕಿಪೊಟ್ಟಣದಷ್ಟಿರುವ ಬ್ಲೂಟೂತ್ ಸಾಧನ ತಂದು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದ. ಮೊಬೈಲಿನಲ್ಲಿ ಇಂಜಿನ್ನಿನ ಲೆಕ್ಕವೆಲ್ಲ ಬಂತು. ಡಾಬಸ್‌ಪೇಟೆ ಕಡೆ ಒಂದು ಸುತ್ತು ನಿಧಾನವಾಗಿ ಹೋಗಿ ಬಂದೆವು. ಇಂಜಿನ್ ತಣಿಸುವ ನೀರು, ಅಂದರೆ ಕೂಲಂಟಿನ ಬಿಸಿ 70 ಡಿಗ್ರಿ ದಾಟಲೇ ಇಲ್ಲ. 85, 90ರ ಹತ್ತಿರ ಇರಬೇಕಾದದ್ದು. ಯಜಮಾನರು ಅಲ್ಲೇ ಹೇಳಿದರು, ‘ಥರ್ಮೋಸ್ಟಾಟ್ ತೆರೆದುಕೊಂಡೇ ಕೂತಿದೆ.’ ಥರ್ಮೋಸ್ಟಾಟ್ ಇಂಜಿನ್ ಬಿಸಿ ಆಗುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಟ್ಟಿರಬೇಕು. ಅದು ಮುಚ್ಚದಿದ್ದರೆ ಇಂಜಿನ್ ಸದಾ ಅರೆಬಿಸಿ. ಇಂಜಿನ್ ಪೂರ್ತಿ ಬಿಸಿ ಆಗಿಲ್ಲ ಅಂದರೆ ಕಂಪ್ಯೂಟರ್ ರೀಜನರೇಷನ್ ಶುರು ಮಾಡುವುದಿಲ್ಲ, ಮಾಡಿದರೂ ಪೂರ್ತಿ ಮುಗಿಸುವುದಿಲ್ಲ. ನಾವು ಸೀಬಿಗಲ್ಲ, ದಾವಣಗೆರೆಗೆ ಹೋಗಿ ಬಂದರೂ ಅಷ್ಟೇ.

ವಾರಂಟಿ ಇದ್ದಾಗ ಒಮ್ಮೆ ಜಗಳ ಆಡಿ ಸ್ಕ್ಯಾನ್ ರಿಪೋರ್ಟಿನ ಪ್ರಿಂಟ್ ತೆಗೆಸಿಕೊಂಡಿದ್ದೆ. ಬಿಲ್ಲಿನ ಫೈಲಿನಲ್ಲಿ ಅದು ಹಾಗೇ ಇತ್ತು. ಹುಡುಗ ಅದನ್ನು ಓದಿ ಬೆರಳಿಟ್ಟು ತೋರಿಸಿದ: ಪಿ0128. ಎಲ್ಲ ಕಂಪನಿಯ ಗಾಡಿಗಳಿಗೂ ಒಂದೇ ಆದ ದೋಷದ ಕೋಡ್ ಅದು. ಕೂಲಂಟ್ ಬೇಕಾದಷ್ಟು ಬಿಸಿ ಆಗುತ್ತಿಲ್ಲ ಅಂತ ಅರ್ಥ. ತಾರೀಖು ಸಮೇತ, ವಾರಂಟಿ ಒಳಗೇ, ಅವರದೇ ಪ್ರಿಂಟರಿನಿಂದ ಬಂದ ಹಾಳೆ. ಓದಿದವರು ಯಾರೂ ಇಲ್ಲ. ಕೋಡ್ ಅಳಿಸಿ, ದೀಪ ಆರಿಸಿ, ಗಾಡಿ ತೊಳೆದಿದ್ದರು.

ಥರ್ಮೋಸ್ಟಾಟನ್ನು ಹೊರಗಡೆ ಮೆಕ್ಯಾನಿಕ್ ಹತ್ತಿರ ಹಾಕಿಸಿದೆವು. ಡಿಪಿಎಫ್ ಬಿಚ್ಚಿ ತೊಳೆಸಿದ್ದೇವೆ. ಗಾಡಿ ಈಗ ಓಡುತ್ತಿದೆ. ಒಂದು ಮಳೆಗಾಲ ಪೂರ್ತಿ ದೀಪ ಬರಲಿಲ್ಲ, ಮೊನ್ನೆ ಒಂದು ಸಲ ಬಂದು ಹೋಯಿತು. ಅಷ್ಟು ವರ್ಷ ತೆಳು ಆಯಿಲ್ಲಿನಲ್ಲಿ ಓಡಿದ ಟರ್ಬೋ ಎಷ್ಟು ದಿನ ಬರುತ್ತೆ ಅನ್ನೋದು ಬೇರೆ ಚಿಂತೆ. ಡಿಪಿಎಫ್ ಕಿತ್ತೇ ಹಾಕಿ, ಸಾಫ್ಟ್‌ವೇರ್ ಬದಲಿಸಿ ಕೊಡ್ತೀವಿ ಅಂದವರೂ ಸಿಕ್ಕರು. ಬೇಡ ಅಂದೆ. ಅದು ಕಾನೂನಿಗೆ ವಿರುದ್ಧ. ಮೇಲಾಗಿ ಆ ಮಸಿ ಕುಡಿಯೋದು ನಮ್ಮ ಬೀದಿ ಮಕ್ಕಳೇ.

ಕಾನೂನು ಏನು ಹೇಳುತ್ತೆ ಅಂತಲೂ ಕೂತು ಓದಿದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1982ರಲ್ಲೇ ಒಂದು ಕಾನೂನು ಬಂತು. ಹೊಸ ಕಾರಿನ ಒಂದೇ ದೋಷವನ್ನು ನಾಲ್ಕು ಸಲ ರಿಪೇರಿ ಮಾಡಿದರೂ ಸರಿಹೋಗದಿದ್ದರೆ ಕಂಪನಿ ಗಾಡಿ ಬದಲಿಸಬೇಕು, ಇಲ್ಲವೇ ದುಡ್ಡು ವಾಪಸ್ ಕೊಡಬೇಕು. ನಮ್ಮಲ್ಲಿ ಕಾರಿಗೆಂದೇ ಅಂಥ ಎಣಿಕೆಯ ಕಾನೂನಿಲ್ಲ. 2006ರಲ್ಲಿ ಒಂದು ಕಾರಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್, ವಾರಂಟಿ ಅಂದರೆ ಕೆಟ್ಟ ಭಾಗವನ್ನು ಸರಿಮಾಡುವುದು ಇಲ್ಲಾ ಬದಲಿಸುವುದು ಅಷ್ಟೇ ಅಂದಿತು. ವಾಹನಗಳನ್ನು ವಾಪಸ್ ಕರೆಸುವ ಅಧಿಕಾರ ಸರ್ಕಾರಕ್ಕೆ ಇದೆ, 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಅದನ್ನು ಸೇರಿಸಿದರು. ಅದರಲ್ಲೂ ಎಷ್ಟು ಜನ ಮಾಲೀಕರು ದೂರು ಕೊಟ್ಟರು ಅನ್ನುವುದು ಒಂದು ಲೆಕ್ಕ. ಎಲ್ಲರ ದೂರೂ ‘ಜನರಲ್ ಚೆಕಪ್’ ಆಗಿ ಕೂತಿದ್ದರೆ ಲೆಕ್ಕಕ್ಕೆ ಸಿಗುವುದಾದರೂ ಏನು?

ಉಳಿದದ್ದು ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಳ್ಳೆಯದೊಂದಿದೆ. ನಾವು ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು, ಕಂಪನಿಯ ಹೆಡ್ ಆಫೀಸ್ ಎಲ್ಲೇ ಇರಲಿ. 50 ಲಕ್ಷದವರೆಗಿನ ವಸ್ತು ಜಿಲ್ಲಾ ಆಯೋಗದ್ದೇ. ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಶುಲ್ಕ 400 ರೂಪಾಯಿ. ಎರಡು ವರ್ಷದ ಒಳಗೆ ಹಾಕಬೇಕು. 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿಯವರು ಕನ್ನಡದಲ್ಲೂ ಮಾತಾಡುತ್ತಾರೆ. ಆದರೆ ದೋಷ ಇತ್ತು ಅಂತ ತೋರಿಸುವ ಹೊರೆ ನಮ್ಮ ಮೇಲೇ. ಅದಕ್ಕೇ ಕಾಗದ ಬೇಕು.

ಈಗ ನಾನು ಸರ್ವಿಸ್‌ಗೆ ಹೋದರೆ ಕುರ್ಚಿ ಎಳೆದುಕೊಂಡು ಅಡ್ವೈಸರ್ ಪಕ್ಕದಲ್ಲೇ ಕೂರುತ್ತೇನೆ. ದೂರನ್ನು ನನ್ನ ಮಾತಿನಲ್ಲೇ ಟೈಪ್ ಮಾಡಿಸುತ್ತೇನೆ. ‘ಅದೇ ದೂರು, ಹಿಂದಿನ ಜಾಬ್ ಕಾರ್ಡ್ ನಂಬರ್ ಇಂಥದ್ದು’ ಅಂತ ಸೇರಿಸದೆ ಸಹಿ ಹಾಕುವುದಿಲ್ಲ. ಡಿಪ್‌ಸ್ಟಿಕ್ಕಿನ ಫೋಟೊ ಅಲ್ಲಿಂದಲೇ ಅವರ ಇಮೇಲಿಗೆ. ಕೋಡ್ ಅಳಿಸುವ ಮೊದಲು ಪ್ರಿಂಟ್. ಸಿಸ್ಟಂನಲ್ಲಿ ಆಪ್ಷನ್ ಇಲ್ಲ ಮೇಡಂ ಅಂದರೆ ಕೈಯಲ್ಲಿ ಬರೆದು ಸೀಲ್ ಹಾಕಿ ಅನ್ನುತ್ತೇನೆ. ಹಿಂದಿನ ಸಾಲಿನಲ್ಲಿ ಕಾಯುವವರು ಗೊಣಗುತ್ತಾರೆ, ಗೊಣಗಲಿ.

ಪಿ0128 ಹಾಳೆಯ ಪ್ರತಿ ಲಗತ್ತಿಸಿ ಕಂಪನಿಗೆ ಸ್ಪೀಡ್ ಪೋಸ್ಟ್ ಮಾಡಿದ ಮೇಲೆ ರೀಜನಲ್ ಆಫೀಸಿನವರು ಫೋನ್ ಮಾಡಿದರು. ದನಿ ಬಹಳ ಮೆತ್ತಗಿತ್ತು. ‘ಗುಡ್‌ವಿಲ್’ ಅಂತ ಹೊಸ ಡಿಪಿಎಫ್‌ನ ಅರ್ಧ ದುಡ್ಡು ಬಿಡುತ್ತಾರಂತೆ. ಉಳಿದರ್ಧ ಯಾವ ಲೆಕ್ಕದಲ್ಲಿ ನಾವು ಕೊಡಬೇಕು ಅಂತ ಲೆಟರ್‌ಹೆಡ್ಡಿನಲ್ಲಿ ಬರೆದು ಕಳಿಸಿ, ಆಮೇಲೆ ಯೋಚನೆ ಮಾಡ್ತೀವಿ ಅಂದೆ. ಫೋನಿನಲ್ಲೇ ಮುಗಿಸಿಬಿಡೋಣ ಮೇಡಂ ಅಂದರು. ಆಗಲ್ಲ ಅಂದೆ. ಪತ್ರ ಇನ್ನೂ ಬಂದಿಲ್ಲ. ವಕೀಲರ ಹತ್ತಿರ ಫೈಲ್ ಕೊಟ್ಟಿದ್ದೇನೆ, ಎರಡು ವರ್ಷದ ಗಡುವು ಯಾವತ್ತಿಗೆ ಮುಗಿಯುತ್ತೆ ಅಂತ ಅವರೇ ಗುರುತು ಹಾಕಿಕೊಂಡಿದ್ದಾರೆ.